ಸತ್ತವನು ಎದ್ದು ನಡೆದದ್ದು ಯಾವ ನಾಟಕದಲ್ಲಿ?

ಜೇಮ್ಸ್ ಬಾಂಡ್ ಮೊದಲು ತೆರೆಗೆ ಬಂದದ್ದು ಸಿನಿಮಾದಲ್ಲಲ್ಲ, ಟಿವಿಯಲ್ಲಿ. 1954ರ ಅಕ್ಟೋಬರ್ 21ರ ರಾತ್ರಿ ಅಮೆರಿಕದ ಸಿಬಿಎಸ್ ವಾಹಿನಿ ತನ್ನ 'ಕ್ಲೈಮ್ಯಾಕ್ಸ್!' ಸರಣಿಯಲ್ಲಿ 'ಕ್ಯಾಸಿನೋ ರಾಯಲ್' ನಾಟಕವನ್ನು ಲೈವ್ ಆಗಿ ಪ್ರಸಾರ ಮಾಡಿತು. ಕಾದಂಬರಿಯ ಹಕ್ಕಿಗೆ ಅವರು ಕೊಟ್ಟದ್ದು 1,000 ಡಾಲರ್. ಬಾಂಡ್ ಪಾತ್ರ ಮಾಡಿದವರು ಬ್ಯಾರಿ ನೆಲ್ಸನ್. ಇಲ್ಲಿ ಬಾಂಡ್ ಬ್ರಿಟಿಷನಲ್ಲ, ಅಮೆರಿಕದವನು. ಜೊತೆಯವರು ಅವನನ್ನು ಜಿಮ್ಮಿ ಅಂತ ಕರೆಯುತ್ತಾರೆ. ಖಳನಾಯಕ ಲೆ ಶಿಫ್ರ್ ಪಾತ್ರದಲ್ಲಿ ಪೀಟರ್ ಲೋರಿ ಇದ್ದರು.

ಈ ನಾಟಕದ ಬಗ್ಗೆ ಒಂದು ಕತೆ ಬಹಳ ವರ್ಷಗಳಿಂದ ಓಡಾಡುತ್ತಿದೆ. ಲೆ ಶಿಫ್ರ್ ಗುಂಡೇಟು ತಿಂದು ಸಾಯುತ್ತಾನೆ. ಕ್ಯಾಮೆರಾ ಬೇರೆ ಕಡೆ ತಿರುಗಿದೆ ಅಂದುಕೊಂಡ ಲೋರಿ ಎದ್ದು ಆರಾಮಾಗಿ ಮೇಕಪ್ ಕೋಣೆಯತ್ತ ನಡೆದುಬಿಡುತ್ತಾರೆ. ಲಕ್ಷಾಂತರ ಜನ ಹೆಣ ನಡೆದದ್ದನ್ನು ನೋಡುತ್ತಾರೆ. ಎಷ್ಟೋ ಕಡೆ ಇದನ್ನು ಬರೆದಿದ್ದಾರೆ. ನಾನೂ ನಂಬಿದ್ದೆ, ಗೆಳೆಯರಿಗೂ ಹೇಳಿದ್ದೆ.

ಆಮೇಲೆ ಒಂದು ರಾತ್ರಿ ಡಿವಿಡಿ ಹಾಕಿ ನೋಡಿದೆ. ಗುಂಡು ಹಾರಿತು. ಲೋರಿ ಬಿದ್ದರು. ಏಳಲಿಲ್ಲ. ಹಿಂದಕ್ಕೆ ಹೋಗಿ ಇನ್ನೊಮ್ಮೆ ನೋಡಿದೆ. ಆಗಲೂ ಏಳಲಿಲ್ಲ.

ಹಾಗಂತ ಆ ಕತೆ ಪೂರ್ತಿ ಸುಳ್ಳೂ ಅಲ್ಲ. ಅದಕ್ಕೆ ಎರಡು ವಾರ ಮೊದಲು, ಅಕ್ಟೋಬರ್ 7ರಂದು, ಇದೇ ಸರಣಿಯ ಮೊದಲ ಕಂತಾಗಿ 'ದಿ ಲಾಂಗ್ ಗುಡ್‌ಬೈ' ಪ್ರಸಾರವಾಗಿತ್ತು. ಅದರಲ್ಲಿ ಟ್ರಿಸ್ಟ್ರಾಮ್ ಕಾಫಿನ್ ಎಂಬ ನಟ ಹೆಣವಾಗಿ ಹೊದಿಕೆಯಡಿ ಮಲಗಿದ್ದರು. ತಮ್ಮ ಕೆಲಸ ಮುಗಿಯಿತು ಅಂತ ಎದ್ದರು. ಕ್ಯಾಮೆರಾ ಇನ್ನೂ ಅವರ ಮೇಲೇ ಇತ್ತು. ಜನ ಕತೆ ಹೇಳುತ್ತಾ ಹೇಳುತ್ತಾ ಹೆಚ್ಚು ಹೆಸರಿದ್ದ ನಟನಿಗೆ, ಹೆಚ್ಚು ಹೆಸರಿದ್ದ ನಾಟಕಕ್ಕೆ ಅದನ್ನು ಅಂಟಿಸಿಬಿಟ್ಟರು.

ಇದನ್ನು ಮೊದಲು ಹೇಳಲು ಕಾರಣವಿದೆ. ಈ ಹಳೆಯ ಲೈವ್ ನಾಟಕಗಳನ್ನು ನಾವು ಬಹುಕಾಲ ಕೇಳಿದ ಮಾತಿನಿಂದಲೇ ಬಲ್ಲವರಾಗಿದ್ದೆವು. ಡಿವಿಡಿ, ಬ್ಲೂ ರೇ ಬಂದ ಮೇಲೆ ಕಣ್ಣಾರೆ ನೋಡಿ ತೀರ್ಮಾನಿಸುವ ಅವಕಾಶ ಸಿಕ್ಕಿತು. ಆದರೆ ಡಿಸ್ಕ್‌ನಲ್ಲಿ ಏನಿದೆ, ಏನಿಲ್ಲ ಅನ್ನುವುದರ ಮೇಲೆ ಆ ತೀರ್ಮಾನ ನಿಂತಿದೆ. 'ಕ್ಯಾಸಿನೋ ರಾಯಲ್' ವಿಷಯದಲ್ಲೇ ನೋಡಿ. ಪ್ರಸಾರವಾದ ಮೇಲೆ ಅದು ಕಳೆದುಹೋಗಿದೆ ಅಂತಲೇ ಎಲ್ಲರೂ ತಿಳಿದಿದ್ದರು. 1981ರಲ್ಲಿ ಸಿನಿಮಾ ಇತಿಹಾಸಕಾರ ಜಿಮ್ ಶೋನ್‌ಬರ್ಗರ್ ಅವರಿಗೆ ಅದರ ಒಂದು ಕಪ್ಪು ಬಿಳುಪು ಪ್ರತಿ ಸಿಕ್ಕಿತು. ಆಮೇಲೆ ಬಂದ ಬಿಡುಗಡೆಗಳೆಲ್ಲ ಒಂದೇ ಥರ ಇರಲಿಲ್ಲ. ಕೆಲವದರಲ್ಲಿ ಕೊನೆಯ ಒಂದೆರಡು ನಿಮಿಷ ಇಲ್ಲವೇ ಇಲ್ಲ, ಕತೆ ತಟ್ಟನೆ ನಿಂತುಬಿಡುತ್ತದೆ. ಅಂಥ ಪ್ರತಿ ನೋಡಿದವರಿಗೆ 'ಲೋರಿ ಎದ್ದದ್ದು ಆ ಕತ್ತರಿಸಿದ ಭಾಗದಲ್ಲೇ ಇರಬೇಕು' ಅನಿಸಿದರೆ ತಪ್ಪೇನಿಲ್ಲ, ಅಲ್ವಾ? ಅನುಮಾನ ಬಗೆಹರಿಯಬೇಕಾದರೆ ಪೂರ್ತಿ ಪ್ರತಿಯೇ ಬೇಕು.

ಮೊದಲು ಈ ಪ್ರತಿಗಳು ಏನು, ಹೇಗೆ ಉಳಿದವು ಅಂತ ನೋಡೋಣ.

1940ರ ದಶಕದ ಕೊನೆಯಲ್ಲಿ ಟಿವಿ ಚಿತ್ರವನ್ನು ಹಿಡಿದಿಡುವ ಟೇಪ್ ಇರಲಿಲ್ಲ. ಆಂಪೆಕ್ಸ್ ಕಂಪನಿ ಕೆಲಸಕ್ಕೆ ಬರುವಂಥ ವಿಡಿಯೋ ಟೇಪ್ ಯಂತ್ರವನ್ನು ತೋರಿಸಿದ್ದೇ 1956ರಲ್ಲಿ. ಅಲ್ಲಿಯವರೆಗೆ ಇದ್ದ ಉಪಾಯ ಒಂದೇ. ಸ್ಟುಡಿಯೋದಿಂದ ಬರುವ ಚಿತ್ರವನ್ನು ಒಂದು ಒಳ್ಳೆಯ ಟಿವಿ ಪರದೆಯಲ್ಲಿ ತೋರಿಸುವುದು, ಆ ಪರದೆಯ ಎದುರು ಫಿಲ್ಮ್ ಕ್ಯಾಮೆರಾ ಇಟ್ಟು ಚಿತ್ರೀಕರಿಸುವುದು. ಇದಕ್ಕೆ ಕೈನೆಸ್ಕೋಪ್ ಅಂತ ಹೆಸರು. ಬ್ರಿಟನ್‌ನಲ್ಲಿ ಟೆಲಿರೆಕಾರ್ಡಿಂಗ್ ಅಂದರು. ಈ ಕೆಲಸಕ್ಕೆಂದೇ ಮಾಡಿದ ಕ್ಯಾಮೆರಾವನ್ನು ಕೊಡ್ಯಾಕ್ ಕಂಪನಿ 1947ರಲ್ಲಿ ಹೊರತಂದಿತು.

ಇದನ್ನು ಮುಂದಿನ ಪೀಳಿಗೆಗೆ ಅಂತ ಯಾರೂ ಮಾಡಲಿಲ್ಲ. ನ್ಯೂಯಾರ್ಕ್‌ಗೂ ಲಾಸ್ ಏಂಜಲೀಸ್‌ಗೂ ಗಡಿಯಾರದಲ್ಲಿ ಮೂರು ಗಂಟೆಯ ಅಂತರ. 1951ರ ಸೆಪ್ಟೆಂಬರ್‌ವರೆಗೆ ಎರಡು ತೀರಗಳ ನಡುವೆ ಟಿವಿ ಸಂಪರ್ಕವೇ ಇರಲಿಲ್ಲ. ನ್ಯೂಯಾರ್ಕ್‌ನಲ್ಲಿ ಆಡಿದ ನಾಟಕ ಪಶ್ಚಿಮದ ಊರುಗಳಿಗೆ ತಲುಪಬೇಕಾದರೆ ಫಿಲ್ಮ್ ಡಬ್ಬಿ ವಿಮಾನ ಹತ್ತಬೇಕಿತ್ತು. ಸಂಪರ್ಕ ಬಂದ ಮೇಲೂ ಹಾಲಿವುಡ್‌ನಲ್ಲಿ ನಾಟಕವನ್ನು ಫಿಲ್ಮ್‌ಗೆ ಇಳಿಸಿ, ಗಡಿಬಿಡಿಯಲ್ಲಿ ತೊಳೆದು, ಮೂರು ಗಂಟೆ ಬಿಟ್ಟು ಅಲ್ಲಿನವರಿಗೆ ತೋರಿಸುತ್ತಿದ್ದರು. 'ಹಾಟ್ ಕೈನ್' ಅಂತ ಅದನ್ನು ಕರೆಯುತ್ತಿದ್ದರು. ಬಿಸಿ ಬಿಸಿ ಬಾಣಲೆಯಿಂದ ತಟ್ಟೆಗೆ ಹಾಕಿದ ಹಾಗೆ. ಕೆಲಸ ಮುಗಿದ ಮೇಲೆ ಆ ಫಿಲ್ಮ್ ಯಾರಿಗೂ ಬೇಡ. ಎಷ್ಟನ್ನೋ ಎಸೆದರು. ಎಷ್ಟನ್ನೋ ಅದರಲ್ಲಿದ್ದ ಬೆಳ್ಳಿಗಾಗಿ ಕರಗಿಸಿದರು. ಡ್ಯೂಮಾಂಟ್ ಅನ್ನುವ ವಾಹಿನಿಯ ಸಂಗ್ರಹವನ್ನು ಟ್ರಕ್‌ಗಳಲ್ಲಿ ತುಂಬಿ ನ್ಯೂಯಾರ್ಕ್ ಕೊಲ್ಲಿಯ ನೀರಿಗೆ ಹಾಕಿದರು ಅಂತ ನಟಿ ಈಡಿ ಆಡಮ್ಸ್ 1996ರಲ್ಲಿ ಲೈಬ್ರರಿ ಆಫ್ ಕಾಂಗ್ರೆಸ್‌ನ ವಿಚಾರಣೆಯಲ್ಲಿ ಹೇಳಿದ್ದಾರೆ. ಇದನ್ನು ಓದಿದಾಗಲೆಲ್ಲ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

'ಸಸ್ಪೆನ್ಸ್' ಸರಣಿಯ ಲೆಕ್ಕ ನೋಡಿ. ಅದು ರೇಡಿಯೋದಲ್ಲಿ 1942ರಿಂದ ಹೆಸರು ಮಾಡಿದ ಕಾರ್ಯಕ್ರಮ. 1949ರ ಮಾರ್ಚ್ 1ರಂದು ಸಿಬಿಎಸ್ ಟಿವಿಗೆ ಬಂತು. 1954ರವರೆಗೆ ಮಂಗಳವಾರ ರಾತ್ರಿ ಅರ್ಧ ಗಂಟೆ, ನ್ಯೂಯಾರ್ಕ್‌ನಿಂದ ಲೈವ್. ಒಟ್ಟು ಸುಮಾರು 260 ಕಂತು. ಇವತ್ತು ಉಳಿದಿರುವುದು ಸುಮಾರು 90. ಅವುಗಳಲ್ಲಿ ಹಲವು 2007ರಿಂದೀಚೆಗೆ ಡಿವಿಡಿ ಸೆಟ್‌ಗಳಾಗಿ ಬಂದವು. ಮೂರರಲ್ಲಿ ಎರಡು ಪಾಲು ಹೋಗೇ ಹೋಯಿತು. ಉಳಿದದ್ದು ಆಯ್ಕೆ ಮಾಡಿ ಉಳಿಸಿದ್ದಲ್ಲ. ಯಾರೋ ಎಸೆಯಲು ಮರೆತದ್ದು.

ಲೈವ್ ಟಿವಿಗೂ ಸಸ್ಪೆನ್ಸ್ ಕತೆಗಳಿಗೂ ಇಷ್ಟು ಚೆನ್ನಾಗಿ ಕೂಡಿಬಂದದ್ದು ಯಾಕೆ? 'ಸಸ್ಪೆನ್ಸ್', 'ಡೇಂಜರ್', 'ಲೈಟ್ಸ್ ಔಟ್', 'ದಿ ವೆಬ್', ಹೀಗೆ ಒಂದರ ಹಿಂದೆ ಒಂದು ಬಂದವು. ಒಂದು ಕಾರಣ ದುಡ್ಡು, ಜಾಗ. ಸ್ಟುಡಿಯೋ ಚಿಕ್ಕದು. ಕುದುರೆ ಓಡಿಸುವ ಹಾಗಿಲ್ಲ, ಬೀದಿ ತೋರಿಸುವ ಹಾಗಿಲ್ಲ. ಸಸ್ಪೆನ್ಸ್ ಕತೆಗೆ ಒಂದು ಕೋಣೆ, ಒಂದು ಮೆಟ್ಟಿಲು, ಒಂದು ಫೋನು, ಮೂರು ನಾಲ್ಕು ಜನ ಇದ್ದರೆ ಸಾಕು. ಕತ್ತಲೆ ಜಾಸ್ತಿ ಇದ್ದಷ್ಟೂ ಒಳ್ಳೆಯದು. ಕತ್ತಲೆಯಲ್ಲಿ ಸೆಟ್ಟಿನ ಅಂಚು ಕಾಣುವುದಿಲ್ಲ, ಬಣ್ಣ ಬಳಿದ ಹಲಗೆ ಗೋಡೆಯಾಗುತ್ತದೆ. ರೇಡಿಯೋದಲ್ಲಿ ಬರೀ ದನಿಯಿಂದ ಹೆದರಿಸಿ ಪಳಗಿದ ಬರಹಗಾರರು ಆಗಲೇ ಇದ್ದರು. ಸಂಗೀತವೂ ರೇಡಿಯೋ ಪದ್ಧತಿಯದೇ. 'ಸಸ್ಪೆನ್ಸ್'ಗೆ ಹ್ಯಾಂಕ್ ಸಿಲ್ವರ್ನ್ ಅವರ ಆರ್ಗನ್. 'ಡೇಂಜರ್' ಸರಣಿ ಬೇರೆ ದಾರಿ ಹಿಡಿಯಿತು. ಅಲ್ಲಿ ಟೋನಿ ಮೊಟೊಲಾ ಅವರ ಎಲೆಕ್ಟ್ರಿಕ್ ಗಿಟಾರ್ ಒಂದೇ. ಬೇರೆ ವಾದ್ಯಗಳ ಆಸರೆಯಿಲ್ಲದೆ ಆ ಒಂಟಿ ತಂತಿ ಮಿಡಿದಾಗ ಇವತ್ತಿಗೂ ಮೈ ಜುಂ ಅನ್ನುತ್ತದೆ.

ಎರಡನೆಯ ಕಾರಣ ನನಗೆ ಇನ್ನೂ ಮುಖ್ಯ. ಈ ನಾಟಕಗಳಲ್ಲಿ ಸಸ್ಪೆನ್ಸ್ ಎರಡು. ಕೊಲೆಗಾರ ಬಾಗಿಲು ತೆಗೆಯುತ್ತಾನಾ ಅನ್ನುವುದು ಒಂದು. ಆ ಬಾಗಿಲು ನಿಜವಾಗಿ ತೆಗೆಯುತ್ತದಾ ಅನ್ನುವುದು ಇನ್ನೊಂದು. ಆಡುವವರಿಗೆ ಎರಡನೆಯ ಅವಕಾಶವಿಲ್ಲ. ಮಾತು ಮರೆತರೆ ಮರೆತದ್ದೇ. ಒಂದು ದೃಶ್ಯ ಮುಗಿಸಿದ ನಟಿ ಪಕ್ಕದ ಸೆಟ್ಟಿಗೆ ಓಡುತ್ತಾ ಕೋಟು ಹಾಕಿಕೊಂಡು, ಉಸಿರು ಕಾಣದಂತೆ ಕುರ್ಚಿಯಲ್ಲಿ ಕೂತು, ಗಂಟೆಗಟ್ಟಲೆ ಕಾದವಳ ಹಾಗೆ ನಟಿಸಬೇಕು. ಕ್ಯಾಮೆರಾದ ಮುಂದೆ ನಾಲ್ಕು ಲೆನ್ಸ್ ಕೂರಿಸಿದ ಒಂದು ತಿರುಗುಚಕ್ರ. ದೂರದ ದೃಶ್ಯದಿಂದ ಹತ್ತಿರಕ್ಕೆ ಬರಬೇಕಾದರೆ ಚಕ್ರ ತಿರುಗಿಸಬೇಕು. ಅಷ್ಟು ಹೊತ್ತು ಬೇರೆ ಕ್ಯಾಮೆರಾದ ಚಿತ್ರ ಪ್ರಸಾರದಲ್ಲಿರಬೇಕು. ಅದರ ಕೇಬಲ್ ಇದರ ಕೇಬಲ್‌ಗೆ ಸುತ್ತಿಕೊಳ್ಳಬಾರದು. ಗಡಿಯಾರ ಮಾತ್ರ ಯಾರಿಗೂ ಕಾಯುವುದಿಲ್ಲ. ನಾಟಕ ಬೇಗ ಓಡುತ್ತಿದ್ದರೆ ಫ್ಲೋರ್ ಮ್ಯಾನೇಜರ್ ರಬ್ಬರ್ ಎಳೆಯುವ ಹಾಗೆ ಕೈ ಮಾಡುತ್ತಾನೆ, ಎಳೆಯಿರಿ ಅಂತ. ನಿಧಾನವಾದರೆ ಬೆರಳು ಗಿರಗಿರ ತಿರುಗಿಸುತ್ತಾನೆ.

ನಾಟಕ ಆಡಿದವರಿಗೆ, ಕಂಪನಿ ನಾಟಕ ನೋಡಿ ಬೆಳೆದವರಿಗೆ ಇದೆಲ್ಲ ಬೇಗ ಅರ್ಥವಾಗುತ್ತದೆ. ನನ್ನ ಚಿಕ್ಕಮ್ಮ ಹವ್ಯಾಸಿ ತಂಡವೊಂದರಲ್ಲಿ ಬಹಳ ವರ್ಷ ಪಾತ್ರ ಮಾಡಿದವರು. ಅವರ ಜೊತೆ ಕೂತು 'ಸಸ್ಪೆನ್ಸ್'ನ ಒಂದು ಕಂತು ನೋಡುತ್ತಿದ್ದೆ. ಗಂಡ ಹೆಂಡತಿ ಮಾತಾಡುತ್ತಿದ್ದಾರೆ. ಗಂಡ ಒಂದು ಕ್ಷಣ ಸುಮ್ಮನಾದ. ಎಷ್ಟು ಚೆನ್ನಾಗಿ ತಡೆದು ಮಾತಾಡುತ್ತಾನೆ ಅಂದುಕೊಂಡೆ ನಾನು. ಚಿಕ್ಕಮ್ಮ ಅಂದರು: 'ಮಾತು ಮರೆತ ಕಣೋ ಅವನು. ನೋಡು, ಅವಳು ಎತ್ತಿಕೊಂಡಳು.' ಹಿಂದಕ್ಕೆ ಹೋಗಿ ನೋಡಿದೆ. ನಿಜ. ಹೆಂಡತಿಯ ಕಣ್ಣು ಒಂದೇ ಒಂದು ಸಲ ಅವನ ಮುಖ ಹುಡುಕುತ್ತದೆ. ಆಮೇಲೆ ಅವನು ಹೇಳಬೇಕಾದ ವಿಷಯವನ್ನು ಇವಳು ಪ್ರಶ್ನೆಯಾಗಿ ಕೇಳುತ್ತಾಳೆ. ಅವನು 'ಹೌದು' ಅಂದು ಮುಂದುವರಿಯುತ್ತಾನೆ. ಎರಡು ಸೆಕೆಂಡು ಇರಬಹುದು, ಅಷ್ಟೇ. 70 ವರ್ಷದ ಹಿಂದೆ ಒಬ್ಬರು ಇನ್ನೊಬ್ಬರ ಕೈ ಹಿಡಿದು ದಾಟಿಸಿದ್ದು ನಮ್ಮ ಮನೆಯ ಟಿವಿಯಲ್ಲಿ ಕಂಡಿತು.

ಮನೆಯಲ್ಲಿ ನೋಡುವುದರ ದೊಡ್ಡ ಲಾಭ ಇದೇ. ಅಂದು ನೋಡಿದವರಿಗೆ ಹಿಂದಕ್ಕೆ ಹೋಗುವ ಗುಂಡಿ ಇರಲಿಲ್ಲ. ಅವರಿಗೆ ಆ ಎರಡು ಸೆಕೆಂಡು ಬಂದದ್ದೂ ಗೊತ್ತಾಗಲಿಲ್ಲ, ಹೋದದ್ದೂ ಗೊತ್ತಾಗಲಿಲ್ಲ. ನಷ್ಟವೂ ಅದೇ ಗುಂಡಿಯಲ್ಲಿದೆ. ನಿಲ್ಲಿಸಬಹುದಾದ ನಾಟಕ ಲೈವ್ ಅನಿಸುವುದಿಲ್ಲ. ಅದಕ್ಕೇ ನಾನು ಮೊದಲ ಸಲ ನಿಲ್ಲಿಸದೆ ನೋಡುತ್ತೇನೆ. ಫೋನ್ ಬೇರೆ ಕೋಣೆಯಲ್ಲಿ, ದೀಪ ಆರಿಸಿ, ಒಂದು ರಾತ್ರಿಗೆ ಒಂದೇ ಕಂತು. ಎರಡನೆಯ ಸಲ ಬೇಕಾದ ಹಾಗೆ ಹಿಂದೆ ಮುಂದೆ ಓಡಾಡುತ್ತೇನೆ. ಸಾಲಾಗಿ ಐದು ಕಂತು ನೋಡಿದರೆ ಆರ್ಗನ್ ಸದ್ದಿಗೇ ಬೇಸರ ಬಂದೀತು. ಇವು ವಾರಕ್ಕೊಂದರಂತೆ ನೋಡಲು ಕಟ್ಟಿದ ನಾಟಕಗಳು.

ಕೈನೆಸ್ಕೋಪ್‌ನಲ್ಲಿ ಚಿತ್ರ ಮಂಕಾಗಿರುತ್ತದೆ, ನಿಜ. ಅದಕ್ಕೆ ಕಾರಣ ತಿಳಿದರೆ ನೋಡುವುದು ಸುಲಭ. ಅಮೆರಿಕದ ಟಿವಿ ಸೆಕೆಂಡಿಗೆ 60 ಅರ್ಧಚಿತ್ರ ಕಳಿಸುತ್ತಿತ್ತು. ಎರಡು ಅರ್ಧ ಸೇರಿ ಒಂದು ಪೂರ್ತಿ ಚಿತ್ರ, ಅಂದರೆ ಸೆಕೆಂಡಿಗೆ 30. ಫಿಲ್ಮ್ ಓಡುವುದು ಸೆಕೆಂಡಿಗೆ 24. ಈ ಲೆಕ್ಕ ಹೊಂದಿಸುವಲ್ಲಿ ಚಲನೆಯ ನುಣುಪು ಹೋಗುತ್ತದೆ. ಅಂದು ಮನೆಗಳಲ್ಲಿ ಕಂಡದ್ದು ಇವತ್ತಿನ ಕ್ರಿಕೆಟ್ ನೇರ ಪ್ರಸಾರದಷ್ಟು ಸರಾಗವಾದ ಚಲನೆ. ನಮಗೆ ಉಳಿದದ್ದು ಹಳೆಯ ಸಿನಿಮಾದಂಥ ಚಲನೆ. ಹೊಳೆಯುವ ವಸ್ತುವಿನ ಸುತ್ತ ಕಪ್ಪು ಪ್ರಭೆ ಕಾಣುತ್ತದಲ್ಲ, ದೀಪದ ಸುತ್ತ, ಬಿಳಿ ಅಂಗಿಯ ಸುತ್ತ? ಅದು ಪ್ರಿಂಟ್ ಕೆಟ್ಟದ್ದರಿಂದ ಬಂದದ್ದಲ್ಲ. ಆ ಕಾಲದ ಇಮೇಜ್ ಆರ್ಥಿಕಾನ್ ಕ್ಯಾಮೆರಾ ಟ್ಯೂಬಿನ ಗುಣ ಅದು. ಅಂದಿನವರಿಗೂ ಹಾಗೇ ಕಂಡಿತ್ತು. ಬ್ರಿಟನ್‌ನಲ್ಲಿ ವಿಡ್‌ಫೈರ್ ಅನ್ನುವ ತಂತ್ರ ಬಳಸಿ 'ಡಾಕ್ಟರ್ ಹೂ' ಸರಣಿಯ ಹಳೆಯ ಟೆಲಿರೆಕಾರ್ಡಿಂಗ್‌ಗಳಿಗೆ ಆ ಸರಾಗ ಚಲನೆಯನ್ನು ಮತ್ತೆ ಕೊಟ್ಟಿದ್ದಾರೆ. ಅದು ಎಚ್ಚರದಿಂದ ಮಾಡಿದ ಕೆಲಸ. ಮೊದಲು ಹೇಗಿತ್ತು ಅಂತ ತಿಳಿದುಕೊಂಡು ಅಲ್ಲಿಗೇ ಹೋಗುವ ಪ್ರಯತ್ನ.

ಬ್ರಿಟನ್‌ನ ಮಾತು ಬಂದಿದ್ದಕ್ಕೆ ಹೇಳುತ್ತೇನೆ, ನನಗೆ ತುಂಬಾ ಇಷ್ಟವಾದ ಟೆಲಿರೆಕಾರ್ಡಿಂಗ್ ಅಲ್ಲಿಯದೇ. 1953ರ ಜುಲೈ 18ರಿಂದ ಆಗಸ್ಟ್ 22ರವರೆಗೆ ಬಿಬಿಸಿ ಆರು ಕಂತುಗಳಲ್ಲಿ 'ದಿ ಕ್ವಾಟರ್‌ಮಾಸ್ ಎಕ್ಸ್‌ಪೆರಿಮೆಂಟ್' ಪ್ರಸಾರ ಮಾಡಿತು. ಬರೆದವರು ನೈಜಲ್ ನೀಲ್, ನಿರ್ದೇಶಿಸಿದವರು ರುಡಾಲ್ಫ್ ಕಾರ್ಟಿಯರ್. ಅಂತರಿಕ್ಷಕ್ಕೆ ಹೋದ ಮೂವರಲ್ಲಿ ಒಬ್ಬನೇ ಮರಳಿ ಬರುತ್ತಾನೆ. ಬಂದವನು ನಿಧಾನಕ್ಕೆ ಬೇರೇನೋ ಆಗುತ್ತಾ ಹೋಗುತ್ತಾನೆ. ಲಂಡನ್ನಿನ ಅಲೆಕ್ಸಾಂಡ್ರಾ ಪ್ಯಾಲೇಸ್‌ನಲ್ಲಿ ಆಗಲೇ ಹಳತಾಗಿದ್ದ ಕ್ಯಾಮೆರಾಗಳಿಂದ ಇದನ್ನು ಲೈವ್ ಆಗಿ ತೋರಿಸಿದರು. ಮೊದಲ ಎರಡು ಕಂತುಗಳನ್ನು ಫಿಲ್ಮ್‌ಗೆ ಇಳಿಸಿದರು. ಗುಣಮಟ್ಟ ಸಾಲದು ಅಂತ ಅಲ್ಲಿಗೇ ನಿಲ್ಲಿಸಿಬಿಟ್ಟರು.

ಎರಡನೆಯ ಕಂತು ನೋಡುವಾಗ ಪರದೆಯ ಮೇಲೆ ಒಂದು ಹುಳ ಕಾಣುತ್ತದೆ. ಕತೆಯೊಳಗಿನ ಹುಳ ಅಲ್ಲ. ಫಿಲ್ಮ್ ಕ್ಯಾಮೆರಾದ ಎದುರಿದ್ದ ಟಿವಿ ಗಾಜಿನ ಮೇಲೆ ಬಂದು ಕೂತ ನಿಜವಾದ ಹುಳ. ಬೇಸಿಗೆಯ ರಾತ್ರಿ, ಕತ್ತಲೆ ಕೋಣೆಯಲ್ಲಿ ಒಂದೇ ಬೆಳಕು, ಅದಕ್ಕೇ ಬಂದಿರಬೇಕು. ಹಲವು ನಿಮಿಷ ಅಲ್ಲೇ ಇರುತ್ತದೆ. ಮೊದಲು ನೋಡಿದಾಗ ನಮ್ಮ ಟಿವಿ ಮೇಲೇ ಕೂತಿದೆ ಅಂದುಕೊಂಡು ಬಟ್ಟೆ ತೆಗೆದುಕೊಂಡು ಎದ್ದಿದ್ದೆ. ಹತ್ತಿರ ಹೋದಾಗ ಗೊತ್ತಾಯಿತು, ಇದು 1953ರ ಹುಳ. ಅಂದು ನೋಡಿದ ಯಾವ ಮನೆಯವರಿಗೂ ಅದು ಕಾಣಲಿಲ್ಲ. ಪ್ರಸಾರದಲ್ಲಿ ಅದು ಇರಲೇ ಇಲ್ಲ. ಇದ್ದದ್ದು ಫಿಲ್ಮ್‌ನಲ್ಲಿ ಮಾತ್ರ. ಪ್ರಸಾರ ಬೇರೆ, ಅದರ ದಾಖಲೆ ಬೇರೆ ಅನ್ನುವುದನ್ನು ಇಷ್ಟು ಚೆನ್ನಾಗಿ ತೋರಿಸಿಕೊಟ್ಟ ಇನ್ನೊಂದು ಉದಾಹರಣೆ ನನಗೆ ಸಿಕ್ಕಿಲ್ಲ.

ಆಗ ಬಿಬಿಸಿಯಲ್ಲಿ ನಾಟಕವನ್ನು ಮತ್ತೆ ತೋರಿಸುವುದು ಅಂದರೆ ಮತ್ತೆ ಆಡುವುದು ಅಂತಲೇ ಅರ್ಥ. 1954ರ ಡಿಸೆಂಬರ್ 12ರ ಭಾನುವಾರ ಜಾರ್ಜ್ ಆರ್ವೆಲ್ ಅವರ ಕಾದಂಬರಿ ಆಧರಿಸಿದ 'ನೈನ್ಟೀನ್ ಎಯ್ಟಿ ಫೋರ್' ಲೈವ್ ಆಗಿ ಬಂತು. ಪೀಟರ್ ಕುಶಿಂಗ್ ಮುಖ್ಯ ಪಾತ್ರ, ನಿರ್ದೇಶಕ ಅದೇ ಕಾರ್ಟಿಯರ್. ಹಿಂಸೆಯ ದೃಶ್ಯಗಳಿಗೆ ದೊಡ್ಡ ಗಲಾಟೆಯೇ ಆಗಿ ಸಂಸತ್ತಿನವರೆಗೂ ಮಾತು ಹೋಯಿತು. ಡಿಸೆಂಬರ್ 16ರ ಗುರುವಾರ ಅದೇ ನಟರು ಬಂದು ಪೂರ್ತಿ ನಾಟಕವನ್ನು ಇನ್ನೊಮ್ಮೆ ಆಡಿದರು. ಫಿಲ್ಮ್‌ಗೆ ಇಳಿದದ್ದು ಆ ಎರಡನೆಯ ಪ್ರಯೋಗ. ಅಂದರೆ ಗಲಾಟೆ ಎಬ್ಬಿಸಿದ ಪ್ರಯೋಗವನ್ನು ಇವತ್ತು ಯಾರೂ ನೋಡಲಾರರು. ನಾವು ನೋಡುವುದು ಗಲಾಟೆಯಾದ ಮೇಲೆ, ದೇಶವೆಲ್ಲ ಕಣ್ಣಿಟ್ಟಿದೆ ಅಂತ ಗೊತ್ತಿದ್ದೂ ಕ್ಯಾಮೆರಾ ಮುಂದೆ ನಿಂತವರನ್ನು. 2022ರಲ್ಲಿ ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟ್ ಇದನ್ನು ಬ್ಲೂ ರೇನಲ್ಲಿ ತಂದಿತು. ಕುಶಿಂಗ್ ಅವರ ಗುಳಿಬಿದ್ದ ಕೆನ್ನೆಯನ್ನು ಇಷ್ಟು ಸ್ಪಷ್ಟವಾಗಿ ನೋಡಬಹುದು ಅಂತ ನಾನು ಅಂದುಕೊಂಡಿರಲಿಲ್ಲ.

ನಮ್ಮಲ್ಲಿ ಬಹಳ ಜನರಿಗೆ ಪರಿಚಯವಿರುವ ಒಂದು ಹೆಸರು ಹೇಳುತ್ತೇನೆ. 'ಟ್ವೆಲ್ವ್ ಆಂಗ್ರಿ ಮೆನ್' 1957ರ ಸಿನಿಮಾ ಆಗುವ ಮೊದಲು ಒಂದು ಗಂಟೆಯ ಲೈವ್ ಟಿವಿ ನಾಟಕವಾಗಿತ್ತು. 1954ರ ಸೆಪ್ಟೆಂಬರ್ 20ರಂದು ಸಿಬಿಎಸ್‌ನ 'ಸ್ಟುಡಿಯೋ ಒನ್' ಸರಣಿಯಲ್ಲಿ ಬಂತು. ಬರೆದವರು ರೆಜಿನಾಲ್ಡ್ ರೋಸ್, ನಿರ್ದೇಶಕ ಫ್ರಾಂಕ್ಲಿನ್ ಶಾಫ್ನರ್. ಒಂದೇ ಕೋಣೆ, ಮೊಕದ್ದಮೆಯೊಂದರ ತೀರ್ಪು ಹೇಳಬೇಕಾದ ಜ್ಯೂರಿಯ ಹನ್ನೆರಡು ಜನ, ನಡುವೆ ಮೇಜು. ಕೋಣೆಯೊಳಗೇ ತಿರುಗಾಡುವ ಕ್ಯಾಮೆರಾಗಳು ಒಂದರ ಕಣ್ಣಿಗೆ ಇನ್ನೊಂದು ಬೀಳಬಾರದು. ಬಹಳ ವರ್ಷ ಇದರ ಅರ್ಧ ಭಾಗ ಮಾತ್ರ ಉಳಿದಿದೆ ಅಂತ ತಿಳಿದಿದ್ದರು. 2003ರಲ್ಲಿ ಪೂರ್ತಿ ಕೈನೆಸ್ಕೋಪ್ ಸಿಕ್ಕಿತು. ಸಿಕ್ಕಿದ್ದು ಟಿವಿ ವಾಹಿನಿಯ ಗೋದಾಮಿನಲ್ಲಲ್ಲ. ಸ್ಯಾಮ್ಯುಯೆಲ್ ಲೀಬೋವಿಟ್ಜ್ ಎಂಬ ನ್ಯೂಯಾರ್ಕ್‌ನ ವಕೀಲ, ಆಮೇಲೆ ನ್ಯಾಯಾಧೀಶರಾದವರ ಸಂಗ್ರಹದಲ್ಲಿ. ಜ್ಯೂರಿಯ ಕತೆಯನ್ನು ಕಾಪಾಡಿದ್ದು ಒಬ್ಬ ನ್ಯಾಯಾಧೀಶರ ಮನೆ. 2008ರಲ್ಲಿ 'ಸ್ಟುಡಿಯೋ ಒನ್' ಡಿವಿಡಿ ಸಂಪುಟದಲ್ಲಿ ಅದು ಬಂತು. ಸಿನಿಮಾ ನಿರ್ದೇಶಿಸಿದ ಸಿಡ್ನಿ ಲ್ಯುಮೆಟ್ ಕೂಡ ಲೈವ್ ಟಿವಿಯಲ್ಲೇ ಪಳಗಿದವರು, 'ಡೇಂಜರ್' ಸರಣಿಯ ಎಷ್ಟೋ ಕಂತು ಅವರದೇ. ಸಿನಿಮಾ ನೋಡಿದವರು ಈ ನಾಟಕವನ್ನೂ ನೋಡಬೇಕು. ಸಿನಿಮಾದಲ್ಲಿ ಬೆವರು ಮೇಕಪ್ಪಿನದು ಇರಬಹುದು. ಇಲ್ಲಿ ದೀಪಗಳ ಶಾಖಕ್ಕೆ ನಿಜವಾಗಿಯೂ ಬೆವರುತ್ತಿದ್ದಾರೆ.

ಈಗ ಇವತ್ತಿನ ಚಿಂತೆಗೆ ಬರುತ್ತೇನೆ. ಈ ನಾಟಕಗಳು ಮನೆಗೆ ಬರುವ ದಾರಿ ಮೂರು ಥರದಲ್ಲಿ ಕೆಡುತ್ತಿದೆ.

ಒಂದು, ಡಿಸ್ಕ್‌ಗಳೇ ಮಾಯವಾಗುತ್ತಿವೆ. ನೆಟ್‌ಫ್ಲಿಕ್ಸ್ ಅಂಚೆಯಲ್ಲಿ ಡಿವಿಡಿ ಕಳಿಸುವುದನ್ನು 2023ರ ಸೆಪ್ಟೆಂಬರ್ 29ಕ್ಕೆ ನಿಲ್ಲಿಸಿತು. ಅಮೆರಿಕದ ದೊಡ್ಡ ಅಂಗಡಿ ಸರಣಿ ಬೆಸ್ಟ್ ಬೈ 2024ರಲ್ಲಿ ಡಿಸ್ಕ್ ಮಾರಾಟ ಬಿಟ್ಟಿತು. ಹೊಸ ಸಿನಿಮಾಗಳಿಗೆ ಸ್ಟ್ರೀಮಿಂಗ್ ಇದೆ. 1950ರ ಕೈನೆಸ್ಕೋಪ್‌ಗೆ ಯಾವ ಸ್ಟ್ರೀಮಿಂಗ್ ಕಂಪನಿ ಜಾಗ ಕೊಡುತ್ತದೆ? ಸಣ್ಣ ಕಂಪನಿಗಳು ಒಮ್ಮೆ ಹೊರತಂದ ಸೆಟ್ ಮುಗಿದರೆ ಮುಗಿಯಿತು. ಮತ್ತೆ ಅಚ್ಚಾಗುವುದಿಲ್ಲ.

ಎರಡು, ಕಾಪಿರೈಟ್ ಗೋಜಲು. ಅಮೆರಿಕದಲ್ಲಿ 1964ಕ್ಕೆ ಮುಂಚೆ ಪ್ರಕಟವಾದ ಕೃತಿಗಳ ಹಕ್ಕನ್ನು 28ನೆಯ ವರ್ಷದಲ್ಲಿ ನವೀಕರಿಸಬೇಕಿತ್ತು. ಎಷ್ಟೋ ಟಿವಿ ಕಾರ್ಯಕ್ರಮಗಳಿಗೆ ಯಾರೂ ನವೀಕರಿಸಲಿಲ್ಲ. ಹಾಗಾಗಿ ಯಾರು ಬೇಕಾದರೂ ಡಿಸ್ಕ್ ಮಾಡಿ ಮಾರಿದರು. ಇದರಿಂದ ಒಳ್ಳೆಯದೂ ಆಗಿದೆ. ಇಂಟರ್‌ನೆಟ್ ಆರ್ಕೈವ್‌ನಲ್ಲಿ, ಯೂಟ್ಯೂಬ್‌ನಲ್ಲಿ ನಾವು ಬೆಂಗಳೂರಲ್ಲಿ ಕೂತು ನೋಡುವುದು ಸಾಧ್ಯವಾದದ್ದು ಇದರಿಂದಲೇ. ಆದರೆ ಹೆಚ್ಚಿನವು ಪ್ರತಿಯ ಪ್ರತಿ, ಅದರ ಪ್ರತಿ. ಎಲ್ಲೋ ಟೇಪಿನಿಂದ ಇಳಿಸಿದ್ದು. ಮೂಲ ಫಿಲ್ಮ್‌ನಿಂದ ಹೊಸದಾಗಿ ಸ್ಕ್ಯಾನ್ ಮಾಡಿದರೆ ಎಷ್ಟು ಚೆನ್ನಾಗಿ ಕಾಣುತ್ತದೆ ಅನ್ನುವುದು ಆ ಕಡಿಮೆ ಬೆಲೆಯ ಡಿಸ್ಕ್ ನೋಡಿದವರಿಗೆ ಗೊತ್ತೇ ಆಗುವುದಿಲ್ಲ. ಕೈನೆಸ್ಕೋಪ್ ಅಂದರೆ ಇಷ್ಟೇ ಅಂದುಕೊಂಡು ಬಿಟ್ಟುಬಿಡುತ್ತಾರೆ.

ಮೂರನೆಯದು ನನಗೆ ಹೆಚ್ಚು ಭಯ ಹುಟ್ಟಿಸುವುದು. ಕೃತಕ ಬುದ್ಧಿಮತ್ತೆಯಿಂದ 'ಶುದ್ಧ' ಮಾಡಿದ ಪ್ರತಿಗಳು ಬರತೊಡಗಿವೆ. ಮಸುಕು ಮುಖವನ್ನು ಯಂತ್ರ ಸ್ಪಷ್ಟ ಮಾಡುತ್ತದೆ. ಹೇಗೆ? ಬೇರೆ ಸಾವಿರಾರು ಮುಖ ನೋಡಿ ಕಲಿತದ್ದರಿಂದ ಒಂದು ಮುಖ ಊಹಿಸಿ ಹಾಕುತ್ತದೆ. ಹುಬ್ಬು ಚೂಪಾಗುತ್ತದೆ, ಚರ್ಮ ಮೇಣದ ಹಾಗಾಗುತ್ತದೆ. ಮಾತು ಮರೆತ ಗಂಡನನ್ನು ಹುಡುಕಿದ ಹೆಂಡತಿಯ ಕಣ್ಣು ಇದೆಯಲ್ಲ, ಅದು ಫಿಲ್ಮ್‌ನಲ್ಲಿ ಕೆಲವೇ ಚುಕ್ಕೆ. ಯಂತ್ರ ಆ ಚುಕ್ಕೆಗಳನ್ನು ಅಳಿಸಿ ತನ್ನದೊಂದು ಕಣ್ಣು ಇಟ್ಟರೆ ನಾನು ನೋಡುವುದು ಯಾರ ಕಣ್ಣು? ವಿಡ್‌ಫೈರ್‌ಗೂ ಇದಕ್ಕೂ ಇರುವ ವ್ಯತ್ಯಾಸ ಇಲ್ಲೇ. ಅದು ಕಳೆದುಹೋದ ಚಲನೆಯನ್ನು ಮತ್ತೆ ಕೂಡಿಸುತ್ತದೆ, ಮುಖ ಮುಟ್ಟುವುದಿಲ್ಲ.

ಇದರ ಜೊತೆಗೆ ಜಾಹೀರಾತು ಕತ್ತರಿಸುವ ಹಳೆಯ ಅಭ್ಯಾಸವೂ ಇದೆ. ಅಮೆರಿಕದ ಸೈನಿಕರಿಗೆ ವಿದೇಶಗಳಲ್ಲಿ ತೋರಿಸಲು ಕಳಿಸಿದ ಪ್ರತಿಗಳಲ್ಲಿ ಜಾಹೀರಾತು ಮೊದಲೇ ತೆಗೆದಿರುತ್ತಿದ್ದರು. ಅಂಥ ಪ್ರತಿ ಮಾತ್ರ ಉಳಿದಿದ್ದರೆ ಏನೂ ಮಾಡುವ ಹಾಗಿಲ್ಲ. ಆದರೆ ಇರುವುದನ್ನು ಬೇಕಂತಲೇ ಕತ್ತರಿಸುವುದು ಸರಿಯಲ್ಲ. 'ಸಸ್ಪೆನ್ಸ್'ನ ಪ್ರಾಯೋಜಕರು ಆಟೋ ಲೈಟ್, ಸ್ಪಾರ್ಕ್ ಪ್ಲಗ್ ಮತ್ತು ಬ್ಯಾಟರಿ ಮಾಡುವ ಕಂಪನಿ. ಅನೌನ್ಸರ್ ರೆಕ್ಸ್ ಮಾರ್ಷಲ್ ಸ್ಪಾರ್ಕ್ ಪ್ಲಗ್ ಬಗ್ಗೆ ನಗುತ್ತಾ ಹೇಳುವ ಆ ಹೊತ್ತಿನಲ್ಲೇ ಸ್ಟುಡಿಯೋದ ಇನ್ನೊಂದು ಮೂಲೆಯಲ್ಲಿ ನಟರು ಬಟ್ಟೆ ಬದಲಿಸಿ ಜಾಗ ಹಿಡಿಯುತ್ತಿರುತ್ತಾರೆ. ಜಾಹೀರಾತು ತೆಗೆದರೆ ಆ ಉಸಿರಾಟದ ಜಾಗವೇ ಹೋಗುತ್ತದೆ. ಎರಡು ಅಂಕಗಳು ಒಂದಕ್ಕೊಂದು ಡಿಕ್ಕಿ ಹೊಡೆಯುತ್ತವೆ. 1949ರ ಅಕ್ಟೋಬರ್ 11ರ ಕಂತಿನಲ್ಲಿ ಬೆಲಾ ಲುಗೋಸಿ ಇದ್ದಾರೆ. 'ದಿ ಕಾಸ್ಕ್ ಆಫ್ ಅಮಾಂಟಿಲಾಡೊ' ಕತೆ ಆಧರಿಸಿದ್ದು. ಡ್ರಾಕುಲಾ ಆಗಿ ಹೆಸರು ಮಾಡಿದ ನಟನನ್ನು ನಿಲ್ಲಿಸಲಾಗದ ಅರ್ಧ ಗಂಟೆಯಲ್ಲಿ ನೋಡುವುದೇ ಬೇರೆ ಅನುಭವ.

ಕನ್ನಡ ನಾಡಿನಲ್ಲಿ ಇಂಥ ನಾಟಕಗಳ ನೆನಪು ಯಾರಿಗೂ ಇಲ್ಲ. ದೆಹಲಿಯಲ್ಲಿ ಟಿವಿ ಪ್ರಯೋಗ ಶುರುವಾದದ್ದು 1959ರಲ್ಲಿ. ಬೆಂಗಳೂರು ದೂರದರ್ಶನ ಕೇಂದ್ರ ಆರಂಭವಾದದ್ದು 1981ರ ನವೆಂಬರ್ 1ರಂದು. ಅಷ್ಟರಲ್ಲಿ ವಿಡಿಯೋ ಟೇಪ್ ಬಂದು ಕಾಲು ಶತಮಾನವಾಗಿತ್ತು. ಹಾಗಾಗಿ ನಾವು ಇವನ್ನು ಹಳೆಯ ನೆನಪಿಗಾಗಿ ನೋಡುವುದಿಲ್ಲ. ಹೊಸದಾಗಿಯೇ ನೋಡುತ್ತೇವೆ. ಅದು ಒಳ್ಳೆಯದೇ. ರೇಡಿಯೋ ನಾಟಕಕ್ಕೆ ಕಿವಿಗೊಟ್ಟ, ರಾತ್ರಿಯಿಡೀ ಬಯಲಾಟ ನೋಡಿದ ಜನಕ್ಕೆ ಇಲ್ಲಿ ಗುರುತು ಹಿಡಿಯಲು ಬೇಕಾದಷ್ಟು ಇದೆ.

ನೋಡಬೇಕು ಅನ್ನುವವರಿಗೆ ಕೆಲವು ಮಾತು. ನ್ಯೂಜೆರ್ಸಿಯಲ್ಲಿರುವ ನನ್ನ ತಂಗಿ ತಂದುಕೊಟ್ಟ ಸೆಟ್ ಇಲ್ಲಿನ ಪ್ಲೇಯರ್‌ನಲ್ಲಿ ಓಡಲಿಲ್ಲ. ಯಾವ ದೇಶದ ಪ್ಲೇಯರ್‌ನಲ್ಲಿ ಓಡಬೇಕು ಅನ್ನುವುದಕ್ಕೆ ಡಿವಿಡಿಗಳಿಗೆ ರೀಜನ್ ಸಂಖ್ಯೆ ಇರುತ್ತದೆ: ಅಮೆರಿಕದ ಡಿವಿಡಿ ರೀಜನ್ 1, ಬ್ರಿಟನ್ ರೀಜನ್ 2, ಭಾರತ ರೀಜನ್ 5. ಲ್ಯಾಪ್‌ಟಾಪ್ ಡ್ರೈವ್‌ನಲ್ಲಿ ರೀಜನ್ ಬದಲಿಸಬಹುದು, ಆದರೆ ಸಾಮಾನ್ಯವಾಗಿ ಐದೇ ಸಲ. ಆಮೇಲೆ ಅದು ಕೊನೆಯದಕ್ಕೇ ಅಂಟಿಕೊಳ್ಳುತ್ತದೆ. ವಿಎಲ್‌ಸಿ ಪ್ಲೇಯರ್ ಅನ್ನುವ ಸಾಫ್ಟ್‌ವೇರ್‌ನಲ್ಲಿ ರೀಜನ್ ಬದಲಿಸದೆಯೂ ಹಲವು ಸಲ ಓಡುತ್ತದೆ. ಟಿವಿಗೆ ಜೋಡಿಸಿದ ಮೇಲೆ ಮೊದಲು ಮೋಷನ್ ಸ್ಮೂದಿಂಗ್ (ಟಿವಿ ತಾನೇ ಚಲನೆಯನ್ನು ನುಣುಪು ಮಾಡುವ ಸೆಟ್ಟಿಂಗ್) ಆಫ್ ಮಾಡಿ. ಶಾರ್ಪ್‌ನೆಸ್ ಪೂರ್ತಿ ಇಳಿಸಿ. ಚಿತ್ರವನ್ನು ಅಗಲಕ್ಕೆ ಎಳೆಯಬೇಡಿ. ನಾಲ್ಕಕ್ಕೆ ಮೂರರ ಚೌಕ ಹಾಗೇ ಇರಲಿ, ಎರಡೂ ಕಡೆ ಕಪ್ಪು ಪಟ್ಟಿ ಇದ್ದರೆ ಇರಲಿ. ಒಂದೇ ನಾಟಕದ ಎರಡು ಬಿಡುಗಡೆ ಇದ್ದರೆ ಎಷ್ಟು ನಿಮಿಷ ಅಂತ ನೋಡಿ. ಜಾಸ್ತಿ ನಿಮಿಷ ಇರುವುದನ್ನೇ ತೆಗೆದುಕೊಳ್ಳಿ.

2005ರ ಏಪ್ರಿಲ್ 2ರಂದು ಬಿಬಿಸಿ ಫೋರ್ ವಾಹಿನಿ 'ಕ್ವಾಟರ್‌ಮಾಸ್ ಎಕ್ಸ್‌ಪೆರಿಮೆಂಟ್' ಅನ್ನು ಮತ್ತೊಮ್ಮೆ ಲೈವ್ ಆಗಿ ಆಡಿಸಿತು. ನಟರು ವೇಗವಾಗಿ ಹೋಗಿಬಿಟ್ಟು ನಿಗದಿಗಿಂತ 20 ನಿಮಿಷಕ್ಕೂ ಮೊದಲೇ ನಾಟಕ ಮುಗಿಯಿತು. ಅದೇ ರಾತ್ರಿ ಪೋಪ್ ಎರಡನೆಯ ಜಾನ್ ಪಾಲ್ ತೀರಿಕೊಂಡರು. ನಾಟಕ ನಡೆಯುತ್ತಿರುವಾಗಲೇ ಪರದೆಯ ಮೇಲೆ ಆ ಸುದ್ದಿಯ ಸಾಲು ಬಂತು. 50 ವರ್ಷದ ಮೇಲೂ ಲೈವ್ ಅಂದರೆ ಲೈವೇ. ಹೊರಗಿನ ಲೋಕ ಒಳಗೆ ಬಂದುಬಿಡುತ್ತದೆ.

1953ರ ಆರನೆಯ ಕಂತಿನಲ್ಲಿ ಏನಾಯಿತು ಅನ್ನುವುದು ಮಾತ್ರ ಮಾತಿನಲ್ಲಿ, ಕೆಲವು ಫೋಟೋಗಳಲ್ಲಿ ಉಳಿದಿದೆ. ವೆಸ್ಟ್‌ಮಿನ್‌ಸ್ಟರ್ ಅಬ್ಬೆಯೊಳಗೆ ಬೆಳೆದು ಹಬ್ಬಿದ ರಾಕ್ಷಸ ಜೀವಿಯನ್ನು ತೋರಿಸಲು ಬಿಬಿಸಿ ಹತ್ತಿರ ದುಡ್ಡಿರಲಿಲ್ಲ. ನೈಜಲ್ ನೀಲ್ ಮತ್ತು ಅವರನ್ನು ಮುಂದೆ ಮದುವೆಯಾದ ಜೂಡಿತ್ ಕೆರ್ ಸೇರಿ ಕೈಗವಸುಗಳಿಗೆ ಎಲೆ ಬಳ್ಳಿ ಅಂಟಿಸಿದರು. ಅಬ್ಬೆಯ ದೊಡ್ಡ ಫೋಟೋ ಒಂದಕ್ಕೆ ತೂತು ಮಾಡಿದರು. ಲೈವ್ ಪ್ರಸಾರದ ಹೊತ್ತಿಗೆ ನೀಲ್ ಸ್ವತಃ ಆ ತೂತಿನಲ್ಲಿ ಕೈ ತೂರಿಸಿ ಬೆರಳು ಆಡಿಸಿದರು. ಮೊದಲ ಎರಡು ಕಂತು ನೋಡಿ ಮುಗಿಸಿದ ರಾತ್ರಿ ನಾನು ಆ ಫೋಟೋಗಳನ್ನು ತುಂಬಾ ಹೊತ್ತು ನೋಡುತ್ತಾ ಕೂತಿದ್ದೆ. ಅವುಗಳಲ್ಲಿ ಬೆರಳು ಅಲುಗುವುದಿಲ್ಲ.